ಹಿಂದಿನ ಗಾಜಿನ ಒಂಟಿ ತೋಳು

ಜೂನ್ ಮೊದಲ ವಾರ. ತೀರ್ಥಹಳ್ಳಿ ಸಮೀಪದ ಭಾವನ ಮನೆಯಿಂದ ಬೆಳಿಗ್ಗೆ ಹೊರಡಬೇಕಿತ್ತು. ಕಾರು ರಾತ್ರಿಯಿಡೀ ಕೊಟ್ಟಿಗೆಯ ಮಾಡಿನ ಕೆಳಗೆ ನಿಂತಿತ್ತು. ರಿವರ್ಸ್ ತೆಗೆಯಲೆಂದು ಕನ್ನಡಿ ನೋಡಿದರೆ ಹಿಂದೆ ಏನೂ ಕಾಣದು. ಹಿಂದಿನ ಸಂಜೆ ಮಂಡಗದ್ದೆಯ ದಾರಿಯಲ್ಲಿ ಹಿಡಿದ ಕೆಸರು ಗಾಜಿನ ಮೇಲೆ ಒಣಗಿ, ಕೆಮ್ಮಣ್ಣು ಬಳಿದ ಗೋಡೆಯ ಹಾಗಾಗಿತ್ತು. ಯೋಚಿಸದೆ ವೈಪರ್ ಹಾಕಿದೆ. ಅದು ಕಿರ್ರೆಂದು ಅರಚಿತು, ಅರ್ಧ ದಾರಿಯಲ್ಲಿ ಕುಪ್ಪಳಿಸಿತು, ಗಾಜಿನ ಮೇಲೆ ಬಿಲ್ಲಿನಂತೆ ಏಳೆಂಟು ಗೆರೆ ಎಳೆದು ತನ್ನ ಜಾಗಕ್ಕೆ ಹೋಗಿ ಮಲಗಿತು. ಕಂಬ ಎಲ್ಲಿದೆ, ಚರಂಡಿ ಎಲ್ಲಿದೆ ಎಂಬುದು ಮೊದಲಿನಷ್ಟೇ ಗುಟ್ಟಾಗಿ ಉಳಿಯಿತು.

ಜಗಲಿಯಲ್ಲಿ ಕವಳ ಹಾಕುತ್ತಿದ್ದ ಭಾವ ತಲೆಯೆತ್ತಿದರು. "ಎಂಥ ಕೂಗು ಮಾರಾಯ ಅದು! ನಮ್ಮ ಬಾವಿ ರಾಟೆಯೇ ವಾಸಿ. ಬದಲಾಯಿಸಿ ಎಷ್ಟು ವರ್ಷ ಆಯ್ತು?"

"ಕಾರಿನ ಜತೆ ಬಂದದ್ದೇ ಭಾವ. ನಾಲ್ಕು ವರ್ಷ. ಹೆಚ್ಚು ಬಳಸಿಯೇ ಇಲ್ಲ."

ಸಮರ್ಥನೆಗೆಂದು ಹೇಳಿದ ಈ ಕೊನೆಯ ಮಾತೇ ರೋಗದ ಹೆಸರು ಎಂಬುದು ನನಗೆ ಹೊಳೆದದ್ದು ಆಮೇಲೆ. ಅದಕ್ಕೆ ಮೊದಲು, ಈ ಕೆಸರು ಅಲ್ಲಿಗೆ ಬಂದದ್ದಾದರೂ ಹೇಗೆ ಎಂಬುದನ್ನು ನೋಡೋಣ.

ಮುಂದಿನ ಗಾಜು ಕೊಳೆಯಾದರೆ ಯಾರಿಗೂ ಆಶ್ಚರ್ಯವಿಲ್ಲ. ಮಳೆಯೊಳಕ್ಕೆ ನಾವೇ ನುಗ್ಗುತ್ತೇವೆ, ಎದುರಿನ ಲಾರಿ ತನ್ನ ಪಾಲನ್ನು ಎರಚುತ್ತದೆ. ಹಿಂದಿನ ಗಾಜಿಗೆ ಎರಚಿದವರು ಯಾರು? ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿ ಮುಂದಕ್ಕೆ ಓಡುತ್ತಿದೆ. ಚಕ್ರದಿಂದ ಚಿಮ್ಮಿದ ನೀರು ರಸ್ತೆಯಲ್ಲೇ ಉಳಿಯಬೇಕು. ಅದು ಅಟ್ಟಿಸಿಕೊಂಡು ಬಂದು ನಮ್ಮ ಬೆನ್ನಿಗೇ ಅಂಟುವುದೇಕೆ?

ಮಣ್ಣುರಸ್ತೆಯ ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕವರಿಗೆ ಉತ್ತರ ಅರ್ಧ ಗೊತ್ತಿದೆ. ಊರು ಮುಟ್ಟುವಷ್ಟರಲ್ಲಿ ಮುಂದೆ ಕೂತವರ ಅಂಗಿ ಬಿಳಿಯಾಗಿಯೇ ಇರುತ್ತದೆ, ಹಿಂದಿನವರ ಹುಬ್ಬು ಕೆಂಪಾಗಿರುತ್ತದೆ. ಬಸ್ಸಿನ ಬೆನ್ನಿನ ಮೇಲೆ ಹುಡುಗರು ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು. ಇನ್ನೊಂದು ದೃಶ್ಯವೂ ಹೆದ್ದಾರಿಯಲ್ಲಿ ಸಿಗುತ್ತದೆ: ವೇಗವಾಗಿ ಹೋಗುವ ಲಾರಿಯ ತಾಡಪಾಲು ಹಿಂಬದಿಯಲ್ಲಿ ಹೊಟ್ಟೆ ಉಬ್ಬಿಸಿಕೊಂಡಿರುತ್ತದೆ, ಒಳಗಿನಿಂದ ಯಾರೋ ತಳ್ಳುತ್ತಿರುವ ಹಾಗೆ. ತಳ್ಳುವವರು ಯಾರೂ ಇಲ್ಲ. ಲಾರಿಯ ಹಿಂದೆ ಗಾಳಿಯ ಒತ್ತಡ ತಗ್ಗಿದೆ, ಒಳಗಿನ ಮಾಮೂಲಿ ಒತ್ತಡವೇ ಮೇಲುಗೈಯಾಗಿದೆ.

ಓಡುವ ವಾಹನ ಗಾಳಿಯನ್ನು ಸೀಳಿ ತನ್ನ ಆಕಾರದಷ್ಟೇ ಖಾಲಿ ಜಾಗವನ್ನು ಹಿಂದೆ ಬಿಡುತ್ತಾ ಹೋಗುತ್ತದೆ. ಆ ಜಾಗವನ್ನು ಗಾಳಿ ತುಂಬಬೇಕು. ಚಾವಣಿಯ ಮೇಲೆ ಹರಿದು ಬಂದ ಗಾಳಿಗೆ ಅಂಚಿನಲ್ಲಿ ತಟ್ಟನೆ ಕೆಳಕ್ಕೆ ತಿರುಗಲು ಆಗುವುದಿಲ್ಲ. ಅದು ಮೇಲ್ಮೈಯನ್ನು ಬಿಟ್ಟು ನೇರವಾಗಿ ಮುಂದುವರಿಯುತ್ತದೆ. ಕೆಳಗೆ ಉಳಿದ ಕಡಿಮೆ ಒತ್ತಡದ ಗೂಡಿನಲ್ಲಿ ಸುಳಿಗಳು ಹುಟ್ಟಿ ಗಾಳಿ ತಿರುಗುತ್ತಾ, ಕಾರಿನ ಬೆನ್ನಿನ ಕಡೆಗೇ ಮರಳಿ ಬರುತ್ತದೆ. ಸೇತುವೆಯ ಕಂಬದ ಕೆಳಪಕ್ಕದಲ್ಲಿ ಹೊಳೆಯ ನೀರು ಹಿಮ್ಮುಖವಾಗಿ ಸುತ್ತಿ, ತರಗೆಲೆಗಳು ಅಲ್ಲೇ ಗಿರಗಿಟ್ಟಲೆ ಆಡುವುದನ್ನು ನೆನೆದರೆ ಸಾಕು. ಚಕ್ರಗಳು ಎಬ್ಬಿಸಿದ ಸಣ್ಣ ಹನಿಗಳು ಈ ಸುಳಿಯೊಳಕ್ಕೆ ಸೆಳೆಯಲ್ಪಟ್ಟು ಮೇಲೇರುತ್ತವೆ, ಗಾಜಿಗೆ ಅಂಟುತ್ತವೆ. ನೀರು ಆರುತ್ತದೆ, ಮಣ್ಣು ಉಳಿಯುತ್ತದೆ. ಆ ಕೆಸರನ್ನು ಕಾರು ತನ್ನ ಬೆನ್ನಿಗೆ ತಾನೇ ಎರಚಿಕೊಂಡದ್ದು.

ಹಾಗಾದರೆ ಡಿಕ್ಕಿ ಹೊರಚಾಚಿದ ಸೆಡಾನ್ ಕಾರುಗಳಿಗೆ ಹಿಂದಿನ ವೈಪರ್ ಸಾಮಾನ್ಯವಾಗಿ ಏಕಿಲ್ಲ? ಉತ್ತರ ಗಾಜಿನ ಇಳಿಜಾರಿನಲ್ಲಿದೆ. ಸೆಡಾನಿನ ಹಿಂಗಾಜು ನಿಧಾನವಾಗಿ ಇಳಿಯುತ್ತದೆ, ಅದರಾಚೆ ಡಿಕ್ಕಿಯ ಮುಚ್ಚಳ ಚಾಚಿಕೊಂಡಿದೆ. ಗಾಳಿ ಗಾಜನ್ನು ಹೆಚ್ಚುಕಡಿಮೆ ಸವರಿಕೊಂಡೇ ಹೋಗುತ್ತದೆ, ಹನಿಗಳನ್ನು ಜಾರಿಸಿಕೊಂಡೂ ಹೋಗುತ್ತದೆ. ಕೆಸರಿನ ಸುಳಿ ಹುಟ್ಟುವುದು ಡಿಕ್ಕಿಯ ಆಚೆ, ಗಾಜಿನಿಂದ ದೂರ. ಹ್ಯಾಚ್‌ಬ್ಯಾಕಿನ ಗಾಜು ಆ ಸುಳಿಯ ಬಾಯಿಯಲ್ಲೇ ಕೂತಿದೆ.

ಇಳಿಜಾರು ಎಷ್ಟಿದ್ದರೆ ಗಾಳಿ ಕೈಬಿಡುತ್ತದೆ ಎಂಬುದನ್ನು ಜರ್ಮನಿಯಲ್ಲಿ ಎಸ್. ಆರ್. ಅಹ್ಮದ್ ಮತ್ತು ಸಂಗಡಿಗರು ಅಳೆದು 1984ರಲ್ಲಿ ಪ್ರಕಟಿಸಿದರು. ಅವರು ಬಳಸಿದ್ದು ಯಾವ ಕಂಪನಿಯ ಕಾರನ್ನೂ ಅಲ್ಲ. ಒಂದು ಮೀಟರಿಗಿಂತ ತುಸು ಉದ್ದದ, ಮುಂದಿನ ಮೂಲೆಗಳನ್ನು ಉರುಟಾಗಿಸಿದ, ಹಿಂಬದಿಯ ಇಳಿಜಾರನ್ನು ಬದಲಾಯಿಸಬಹುದಾದ ಒಂದು ಪೆಟ್ಟಿಗೆಯನ್ನು. ಇಳಿಜಾರು 30 ಡಿಗ್ರಿಯ ಆಸುಪಾಸಿಗೆ ಬಂದಾಗ ಗಾಳಿಯ ಎಳೆತ ತುತ್ತತುದಿಗೇರಿ, ಆ ಕೋನವನ್ನು ದಾಟಿದೊಡನೆ ತಟ್ಟನೆ ಇಳಿಯಿತು. ಗಾಳಿ ಆ ಮೇಲ್ಮೈಯ ಸಂಬಂಧವನ್ನೇ ಕಡಿದುಕೊಂಡಿತ್ತು. 'ಅಹ್ಮದ್ ಬಾಡಿ' ಎಂದೇ ಹೆಸರಾದ ಆ ಪೆಟ್ಟಿಗೆಯನ್ನು ಇಂದಿಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಂಪ್ಯೂಟರಿನೊಳಗೆ ಓಡಿಸುತ್ತಾರೆ. ನಮ್ಮ ಸಣ್ಣ ಕಾರುಗಳ ಬೆನ್ನು ಈ ಗಡಿಗಿಂತ ಎಷ್ಟೋ ಕಡಿದು. ಕೆಲವಂತೂ ಗೋಡೆಯ ಹಾಗೆ ನೆಟ್ಟಗೆ ನಿಂತಿವೆ. ಹಿಂದೆ ಅಮೆರಿಕದ ಕೆಲವು ಸ್ಟೇಷನ್ ವ್ಯಾಗನ್‌ಗಳ ಚಾವಣಿಯಂಚಿಗೆ ಒಂದು ತಗಡನ್ನು ಜೋಡಿಸಿ, ಶುದ್ಧ ಗಾಳಿಯನ್ನು ಗಾಜಿನ ಮೇಲೆ ಕೆಳಮುಖವಾಗಿ ಹರಿಸುತ್ತಿದ್ದರು. ಒಂಟಿ ತೋಳಿನ ವೈಪರ್ ಅದಕ್ಕಿಂತ ನಂಬಿಕಸ್ತ ಆಳು.

ಆಳು ನಂಬಿಕಸ್ತನಾದರೂ ಅವನಿಗೆ ಸಿಕ್ಕ ಕೆಲಸ ಸುಲಭದ್ದಲ್ಲ. ಗಾಜು ಬಾಗಿದೆ. ತೋಳಿನೊಳಗಿನ ಸ್ಪ್ರಿಂಗು ಬ್ಲೇಡನ್ನು ಒತ್ತುವುದು ಒಂದೇ ಕಡೆ, ನಡುವೆ. ಆ ಒಂದು ಒತ್ತಡ ರಬ್ಬರಿನ ಉದ್ದಕ್ಕೂ ಸಮನಾಗಿ ಹಂಚಿಹೋಗಬೇಕು: ಒಂದು ಸೆಂಟಿಮೀಟರಿಗೆ ಸುಮಾರು 15 ಗ್ರಾಂ ತೂಕದಷ್ಟು. ಚೌಕಟ್ಟು ಇರುವ ಬ್ಲೇಡುಗಳು ಇದನ್ನು ಸಾಧಿಸುವ ಉಪಾಯ ನಮ್ಮ ರೈತರಿಗೆ ಹಳೆಯದು, ನೊಗದ ಉಪಾಯ. ನಡುವೆ ಕಟ್ಟಿದ ನೊಗ ಎರಡು ತುದಿಯ ಎತ್ತುಗಳಿಗೆ ಭಾರವನ್ನು ಅರ್ಧರ್ಧ ಹಂಚುತ್ತದೆ. ವೈಪರಿನ ದೊಡ್ಡ ನೊಗದ ಎರಡೂ ತುದಿಗೆ ಎರಡು ಮರಿನೊಗ, ಅವುಗಳ ತುದಿಯಲ್ಲಿ ರಬ್ಬರನ್ನು ಹಿಡಿದ ಉಗುರುಗಳು. ಗಾಜು ಎಲ್ಲಿ ಉಬ್ಬಿದರೂ ತಗ್ಗಿದರೂ ನೊಗಗಳು ಓಲಾಡಿ ಸರಿಹೊಂದಿಸುತ್ತವೆ. (ಎತ್ತುಗಳಲ್ಲಿ ಒಂದು ಬಡಕಲಾದರೆ ಅದರ ಕಡೆಗೆ ನೊಗದ ಉದ್ದನೆಯ ಪಾಲು ಬರುವಂತೆ ಕಟ್ಟುವ ಜಾಣತನ ವೈಪರಿಗೆ ಬೇಕಿಲ್ಲ.) ಹಿಂದಿನ ಬ್ಲೇಡಿಗೆ ಇನ್ನೊಂದು ಅನುಕೂಲ: ಮುಂದಿನದನ್ನು ಎತ್ತಿ ಬಿಸಾಡಲು ಹವಣಿಸುವ ಎದುರುಗಾಳಿ ಇಲ್ಲಿಗೆ ಬರುವುದಿಲ್ಲ. ಆದ್ದರಿಂದಲೇ ಹಿಂದಿನದನ್ನು ಹಗುರ ಪ್ಲಾಸ್ಟಿಕ್ಕಿನಲ್ಲಿ, ಸಣ್ಣದಾಗಿ ಮಾಡಿದರೂ ನಡೆಯುತ್ತದೆ.

ಒರೆಸುವುದು ಮಾತ್ರ ರಬ್ಬರಿನ ತುದಿ. ಅದರ ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ. ಬ್ಲೇಡು ಓಡುವಾಗ ಈ ನಾಲಿಗೆ ಹಿಂದಕ್ಕೆ ವಾಲುತ್ತದೆ, ಅದರ ಒಂದು ಚೂಪು ಅಂಚಷ್ಟೇ ಗಾಜನ್ನು ಮುಟ್ಟುತ್ತದೆ. ತೋಳು ದಿಕ್ಕು ಬದಲಿಸಿದಾಗ ನಾಲಿಗೆ ಪಟ್ಟನೆ ಮಗುಚಿ ಇನ್ನೊಂದು ಅಂಚನ್ನು ಒಡ್ಡುತ್ತದೆ. ಹಾಗೆ ಮಗುಚಲೆಂದೇ ನಾಲಿಗೆಯ ಬುಡದಲ್ಲಿ ತೆಳುವಾದ ಕತ್ತು. ಸಗಣಿ ಸಾರಿಸುವಾಗ ಅಂಗೈಯನ್ನು ಎಳೆಯುವ ದಿಕ್ಕಿಗೆ ತಕ್ಕಂತೆ ವಾಲಿಸುತ್ತೇವಲ್ಲ, ಹಾಗೆ. ವಾಲಿಸದೆ ಬೆರಳ ತುದಿಯನ್ನು ಮುಂದಕ್ಕೆ ನೂಕಿದರೆ ಕೈ ಕುಪ್ಪಳಿಸುತ್ತದೆ. ಒಂದು ದಿಕ್ಕಿಗೆ ಚೆನ್ನಾಗಿ ಒರೆಸಿ, ಮರಳುವಾಗ ಡಡಡಡ ಎನ್ನುವ ವೈಪರಿಗೆ ಆಗಿರುವುದೂ ಇದೇ: ನಾಲಿಗೆ ಒಂದು ಕಡೆಗೆ ವಾಲಿದ್ದು ಮತ್ತೆ ಮಗುಚುತ್ತಿಲ್ಲ.

ಕೂಗಿನ ಕಾರಣವೂ ಹತ್ತಿರದ್ದೇ. ಗಾಜು ಚೆನ್ನಾಗಿ ಒದ್ದೆಯಿದ್ದರೆ ರಬ್ಬರು ನೀರಿನ ಪದರದ ಮೇಲೆ ಜಾರುತ್ತದೆ, ಘರ್ಷಣೆ ತೀರ ಕಡಿಮೆ. ಒಣಗಿದ್ದರೆ ಹೆಚ್ಚು. ಎಲ್ಲಕ್ಕಿಂತ ಕಷ್ಟ ಇವೆರಡರ ನಡುವಿನ ಅರೆಒದ್ದೆ ಸ್ಥಿತಿ; ಆಗ ಗಾಜು ಅಂಟಂಟಾಗುತ್ತದೆ. ರಬ್ಬರು ಗಾಜಿಗೆ ಕಚ್ಚಿಕೊಳ್ಳುತ್ತದೆ, ತೋಳು ಎಳೆದಂತೆ ಬಾಗುತ್ತದೆ, ತಡೆಯಲಾರದೆ ಜಾರುತ್ತದೆ, ಮತ್ತೆ ಕಚ್ಚುತ್ತದೆ. ಸೆಕೆಂಡಿಗೆ ಹತ್ತಾರು ಬಾರಿ ಹೀಗಾದರೆ ಕಣ್ಣಿಗೆ ಕಾಣುವ ಕುಪ್ಪಳಿಕೆ, ನೂರಾರು ಬಾರಿಯಾದರೆ ಕಿವಿಗೆ ಚುಚ್ಚುವ ಕೂಗು. ಪಿಟೀಲು ನುಡಿಸುವವರು ಕಮಾನಿಗೆ ರಾಳ ಸವರುವುದು ಇದೇ ಕಚ್ಚು-ಜಾರನ್ನು ಬೇಕೆಂದೇ ಪಡೆಯಲು. ಅವರಿಗೆ ಸಂಗೀತ ಬರುತ್ತದೆ. ಭಾವನ ಬಾವಿರಾಟೆಗೂ ನನ್ನ ವೈಪರಿಗೂ ಬರುವುದಿಲ್ಲ.

ಈಗ ರೋಗದ ಹೆಸರಿಗೆ ಬರೋಣ. ನನ್ನ ಕಾರಿನ ಮುಂದಿನ ವೈಪರುಗಳು ಮಳೆಯಲ್ಲಿ ನಿಮಿಷಕ್ಕೆ ನಲವತ್ತು ಬಾರಿ ಓಡುತ್ತವೆ, ಗಂಟೆಗೆ ಎರಡು ಸಾವಿರಕ್ಕೂ ಹೆಚ್ಚು. ಅವು ಸವೆದು ಸಾಯುತ್ತವೆ. ಬೆಂಗಳೂರಿನಲ್ಲಿ ಮನೆಯೆದುರು ಪಶ್ಚಿಮಕ್ಕೆ ಬೆನ್ನು ಹಾಕಿ ನಿಲ್ಲುವ ಆ ಕಾರಿನ ಹಿಂದಿನ ವೈಪರು ವರ್ಷಕ್ಕೆ ಹತ್ತಿಪ್ಪತ್ತು ಬಾರಿ ಓಡಿದ್ದರೆ ಹೆಚ್ಚು. ಮಿಕ್ಕ ದಿನವೆಲ್ಲ ಒಂದೇ ಮಗ್ಗುಲಲ್ಲಿ, ಕಾದ ಗಾಜಿನ ಮೇಲೆ, ಸ್ಪ್ರಿಂಗಿನ ಒತ್ತಡದಡಿ ಬಿದ್ದಿರುವುದೇ ಅದರ ಬದುಕು. ಅದು ಕೆಲಸವಿಲ್ಲದೆ ಸತ್ತಿತ್ತು.

ಕೆಲಸವಿಲ್ಲದ ರಬ್ಬರು ಸಾಯುವುದೇಕೆ? ಸುಳ್ಯ, ಪುತ್ತೂರಿನ ಕಡೆ ನಸುಕಿನಲ್ಲಿ ಮರದ ತೊಗಟೆ ಕೆತ್ತಿ ಇಳಿಸುವ ರಬ್ಬರಿನ ಹಾಲಿನಲ್ಲಿ ಇರುವುದು ಉದ್ದನೆಯ ಸರಪಳಿಯಂಥ ಅಣುಗಳು. ಹಾಲನ್ನು ಆಮ್ಲ ಹಾಕಿ ಹೆಪ್ಪುಗಟ್ಟಿಸಿ, ಹಾಳೆ ಮಾಡಿ, ಹೊಗೆಗೂಡಿನಲ್ಲಿ ಒಣಗಿಸಿದರೂ ಅದು ಬಿಸಿಲಿಗೆ ಮೆತ್ತಗೆ, ಚಳಿಗೆ ಪೆಡಸು. ಗಂಧಕ ಬೆರೆಸಿ ಕಾಯಿಸಿದರೆ ಸರಪಳಿಗಳ ನಡುವೆ ಅಡ್ಡಕೊಂಡಿಗಳು ಬೀಳುತ್ತವೆ, ಆಗ ಮಾತ್ರ ಎಳೆದರೆ ಹಿಗ್ಗಿ, ಬಿಟ್ಟರೆ ಮರಳುವ ಗುಣ ನಿಲ್ಲುತ್ತದೆ. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡದ್ದು ಇದನ್ನೇ. ವೈಪರಿನ ರಬ್ಬರಿನಲ್ಲಿ ಈ ಸಹಜ ರಬ್ಬರಿನ ಜತೆ ಕೃತಕ ರಬ್ಬರು, ಇಂಗಾಲದ ಮಸಿ, ಅಂಚಿಗೆ ಜಾರಲೆಂದು ಗ್ರಾಫೈಟಿನ ಲೇಪ ಇರುವುದುಂಟು.

ಒಳ್ಳೆಯದನ್ನು ಮಾಡುವ ಅಡ್ಡಕೊಂಡಿಗಳೇ ಹೆಚ್ಚಾದರೆ ರಬ್ಬರು ಗಡುಸಾಗುತ್ತದೆ. ಬೇಸಿಗೆಯ ಬಿಸಿ ಮತ್ತು ಗಾಳಿಯ ಆಮ್ಲಜನಕ ಸೇರಿ ಈ ಕೆಲಸವನ್ನು ವರ್ಷಗಟ್ಟಲೆ ಸದ್ದಿಲ್ಲದೆ ಮುಂದುವರಿಸುತ್ತವೆ. ಬಾಗಿದ ಸ್ಥಿತಿಯಲ್ಲೇ ಹೊಸ ಕೊಂಡಿಗಳು ಬಿದ್ದರೆ ಬಾಗೇ ಅದರ ಸಹಜ ಆಕಾರವಾಗುತ್ತದೆ. ಆಗಾಗ ಓಡುವ ಬ್ಲೇಡಿನ ನಾಲಿಗೆ ಅತ್ತ ಇತ್ತ ಮಗುಚುತ್ತಿರುತ್ತದೆ; ಮಲಗಿದ್ದಕ್ಕೆ ಆ ಭಾಗ್ಯವಿಲ್ಲ. ಇನ್ನೊಬ್ಬ ಶತ್ರು ಓಝೋನ್. ಆಕಾಶದ ಎತ್ತರದಲ್ಲಿ ನಮ್ಮನ್ನು ಕಾಯುವ ಅದೇ ಅನಿಲ, ವಾಹನಗಳ ಹೊಗೆಯ ಮೇಲೆ ಬಿಸಿಲು ಬಿದ್ದು ನೆಲದ ಹತ್ತಿರವೂ ಹುಟ್ಟುತ್ತದೆ. ಸಹಜ ರಬ್ಬರಿನ ಸರಪಳಿಯ ಪ್ರತಿ ಗೆಣ್ಣಿನಲ್ಲೂ ಒಂದು ಜೋಡಿಬಂಧವಿದೆ. ಓಝೋನ್ ಕತ್ತರಿ ಹಾಕುವುದು ಅಲ್ಲಿಗೇ. ಹಿಗ್ಗಿದ ಭಾಗದಲ್ಲಿ ಕತ್ತರಿಸಿದ ತುದಿಗಳು ದೂರ ಸರಿಯುವುದರಿಂದ, ಹಿಗ್ಗಿನ ದಿಕ್ಕಿಗೆ ಅಡ್ಡವಾಗಿ ಬಿರುಕು ತೆರೆಯುತ್ತಾ ಹೋಗುತ್ತದೆ.

ನಾನು ಮಾಡಿದ ತಪ್ಪೂ ಒಂದಿತ್ತು: ಒಣ ಕೆಸರಿನ ಮೇಲೆ ವೈಪರ್ ಓಡಿಸಿದ್ದು. ಮಲೆನಾಡಿನ ಮಣ್ಣಿಗೆ ಕೆಂಪು ಕೊಡುವ ಕಬ್ಬಿಣದ ತುಕ್ಕು ನಯವಾದದ್ದು, ಅದರಿಂದ ಕೇಡಿಲ್ಲ. ಅದರ ಜತೆ ಬಂದ ಮರಳಿನ ಕಣ ಗಾಜಿಗಿಂತ ಗಡುಸು. ರಬ್ಬರಿನ ಅಡಿಯಲ್ಲಿ ಸಿಕ್ಕಿದ ಒಂದೇ ಕಣ ಗಾಜಿನ ಮೇಲೆ ಗೀರೆಳೆಯಬಲ್ಲದು, ಆ ಗೀರು ಯಾವ ಹೊಸ ಬ್ಲೇಡಿಗೂ ಹೋಗುವುದಿಲ್ಲ. ಮೊದಲು ನೀರು, ಆಮೇಲೆ ವೈಪರು. ಹಿಂದಿನ ನೀರಿನ ಗುಂಡಿ ಒತ್ತಿದರೆ ಚಿಲುಮೆ ತಡವಾಗಿ ಬರುತ್ತದೆಂದು ಕೆಲವರು ಕೆಟ್ಟಿದೆ ಎಂದುಕೊಳ್ಳುತ್ತಾರೆ. ಬಹಳಷ್ಟು ಕಾರುಗಳಲ್ಲಿ ನೀರಿನ ಡಬ್ಬಿ ಇರುವುದು ಬಾನೆಟ್ಟಿನ ಕೆಳಗೆ. ಸಣ್ಣ ಪೈಪು ಕಾರಿನ ಉದ್ದಕ್ಕೂ ಸಾಗಿ ಹಿಂದಕ್ಕೆ ಬರಬೇಕು.

ಅಕ್ಕನ ಹೊಲಿಗೆ ಟೇಪು ತಂದು ರಬ್ಬರನ್ನು ಅಳೆದೆ. ಮೂವತ್ತೂವರೆ ಸೆಂಟಿಮೀಟರ್, ಅಂದರೆ ಅಂಗಡಿಯ ಲೆಕ್ಕದಲ್ಲಿ 12 ಇಂಚು. ತೀರ್ಥಹಳ್ಳಿಯ ಸ್ಪೇರ್ ಪಾರ್ಟ್ಸ್ ಅಂಗಡಿಯವರು ಉದ್ದವನ್ನು ಕೇಳಲೇ ಇಲ್ಲ. ಕಾರು ಯಾವುದು, ಯಾವ ವರ್ಷದ್ದು, ಹಳೆಯದನ್ನು ತಂದಿದ್ದೀರಾ ಎಂದರು. ಅದು ಸರಿಯಾದ ಪ್ರಶ್ನೆ. ಮುಂದಿನ ಬ್ಲೇಡುಗಳ ಕೊಕ್ಕೆ ಬಹುಮಟ್ಟಿಗೆ ಒಂದೇ ಬಗೆ. ಹಿಂದಿನದರ ಕ್ಲಿಪ್ಪು ಕಾರಿಗೊಂದು ಥರ. ಉದ್ದ ಕೂತರೂ ಕಚ್ಚು ಕೂರದಿದ್ದರೆ ಪ್ರಯೋಜನವಿಲ್ಲ. ತೆಗೆದ ಹಳೆಯದನ್ನೇ ಹಿಡಿದುಕೊಂಡು ಹೋಗುವುದು ಎಲ್ಲಕ್ಕಿಂತ ಕ್ಷೇಮ. ನಾನು ಫೋನಿನಲ್ಲಿ ಫೋಟೊ ತೋರಿಸಿ ಪಾರಾದೆ.

ಬಿಚ್ಚುವ ಮುನ್ನ ಅಕ್ಕನ ಹಳೆಯ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಗಾಜಿನ ಮೇಲೆ ಹಾಸಿದೆ. ಬ್ಲೇಡಿಲ್ಲದ ತೋಳು ಕೈಜಾರಿದರೆ ಸ್ಪ್ರಿಂಗಿನ ಬಲದಿಂದ ಗಾಜಿಗೆ ಬಡಿಯುತ್ತದೆ. ಮುಂದಿನ ಗಾಜು ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರವಿಟ್ಟು ಅಂಟಿಸಿದ್ದು, ಒಡೆದರೂ ಬಿರುಕು ಬಿಟ್ಟು ನಿಲ್ಲುತ್ತದೆ. ಹಿಂದಿನದು ಸಾಮಾನ್ಯವಾಗಿ ಕಾಯಿಸಿ ತಟ್ಟನೆ ತಣಿಸಿದ ಒಂಟಿ ಗಾಜು. ಹೊರಮೈ ಬಿಗಿದುಕೊಂಡು, ಒಳಮೈ ಎಳೆದುಕೊಂಡು ಇರುವ ಆ ಗಾಜಿನ ಬಿಗಿ ಒಂದು ಕಡೆ ತಪ್ಪಿದರೆ ಇಡೀ ಹಾಳೆ ಕಲ್ಲುಸಕ್ಕರೆಯಂತೆ ಉದುರುತ್ತದೆ.

"ತೋಳನ್ನೇ ಕೈಯಲ್ಲಿ ಆಚೆ ತಿರುಗಿಸಿಕೊಂಡರೆ ಸಲೀಸಲ್ವಾ?" ಎಂದು ಭಾವ ಕೈ ಹಾಕಲು ಬಂದರು. ತಡೆದೆ. ಮೋಟರಿನಿಂದ ತೋಳಿಗೆ ಬಲ ಬರುವುದು ಸ್ಕ್ರೂ ಆಕಾರದ ಗೇರಿನ ಮೂಲಕ. ಸ್ಕ್ರೂ ತಿರುಗಿದರೆ ಹಲ್ಲುಚಕ್ರ ತಿರುಗುತ್ತದೆ. ಹಲ್ಲುಚಕ್ರವನ್ನು ತಿರುಗಿಸಿ ಸ್ಕ್ರೂ ತಿರುಗಿಸಲು ಆಗದು. ಬಲವಂತ ಮಾಡಿದರೆ ಮುರಿಯುವುದು ಹಲ್ಲು. ಭಾವ ಬಯಸಿದಂಥ ವೈಪರೂ ಒಂದು ಕಾಲಕ್ಕೆ ಇತ್ತು. ಅಮೆರಿಕದ ಅಲಬಾಮಾದ ಮೇರಿ ಆಂಡರ್ಸನ್ ನ್ಯೂಯಾರ್ಕಿಗೆ ಹೋದಾಗ, ಹಿಮ ಬೀಳುವ ದಿನ ಟ್ರ್ಯಾಮಿನ ಚಾಲಕ ದಾರಿ ಕಾಣದೆ ಗಾಜು ತೆರೆದುಕೊಂಡು ಚಳಿಯಲ್ಲಿ ಓಡಿಸುವುದನ್ನು ಕಂಡರು. ಒಳಗಿನಿಂದ ಕೈಹಿಡಿ ಎಳೆದರೆ ಹೊರಗೆ ರಬ್ಬರಿನ ತೋಳು ಗಾಜನ್ನು ಸವರುವ ಉಪಕರಣ ರೂಪಿಸಿ, 1903ರ ನವೆಂಬರ್ 10ರಂದು ಪೇಟೆಂಟ್ ಪಡೆದರು. ಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಪೇಟೆಂಟಿನ ಅವಧಿ ಮುಗಿದ ಮೇಲೆ ಕಾರುಗಳಲ್ಲೆಲ್ಲ ವೈಪರು ಬಂತು, ಅವರಿಗೆ ಅದರಿಂದ ಕಾಸು ಹುಟ್ಟಲಿಲ್ಲ. ಕತೆ ಕೇಳಿ ಭಾವ ಲೊಚಗುಟ್ಟಿದರು.

ತೋಳನ್ನು ಎತ್ತಿದೆ. ಮುಂದಿನದರ ಹಾಗೆ ಇದು ಪೂರ್ತಿ ನೆಟ್ಟಗೆ ನಿಲ್ಲುವುದಿಲ್ಲ, ಅರ್ಧಕ್ಕೇ ತಡೆಯುತ್ತದೆ. ಒಂದು ಕೈಯಲ್ಲಿ ಹಿಡಿದೇ ಇರಬೇಕು. ಬ್ಲೇಡನ್ನು ತೋಳಿಗೆ ಅಡ್ಡವಾಗುವಂತೆ ತಿರುವಿ, ಇನ್ನೂ ತುಸು ಮುಂದಕ್ಕೆ ಒತ್ತಿದಾಗ ಟಕ್ ಎಂದು ಕಚ್ಚು ಬಿಟ್ಟಿತು. ನನ್ನ ಹಳೆಯ ಕಾರಿನಲ್ಲಿ ಇದೇ ಹಂತದಲ್ಲಿ ಆತುರಪಟ್ಟು ಅಡ್ಡಡ್ಡ ಎಳೆದು, ತೋಳಿನ ಪ್ಲಾಸ್ಟಿಕ್ಕಿನ ಕಿವಿಯನ್ನೇ ಮುರಿದಿದ್ದೆ. ಬ್ಲೇಡಿಗೆ ಹೋದವನು ಆಗ ಪೂರ್ತಿ ತೋಳನ್ನೇ ತರಬೇಕಾಯಿತು. ತೋಳು ಬಿಚ್ಚುವುದಂತೂ ಬೇರೆಯೇ ಪಂಚಾಯ್ತಿ: ಬುಡದ ಮುಚ್ಚಳದ ಕೆಳಗಿನ ನಟ್ಟು ಸುಲಭಕ್ಕೆ ಬರುತ್ತದೆ, ತೋಳು ಬರುವುದಿಲ್ಲ. ಅಲ್ಯೂಮಿನಿಯಮ್ಮೂ ಉಕ್ಕೂ ಮಳೆನೀರಿನಲ್ಲಿ ಒಟ್ಟಿಗಿದ್ದು, ಸಣ್ಣದೊಂದು ಬ್ಯಾಟರಿಯಂತೆ ವರ್ತಿಸಿ ಬೆಸೆದುಕೊಂಡಿರುತ್ತವೆ. ಈ ಸಲ ತಾಳ್ಮೆಯಿತ್ತು. ಹೊಸ ಬ್ಲೇಡನ್ನು ಅಡ್ಡ ಹಿಡಿದು ಕಚ್ಚಿಗೆ ಕೂರಿಸಿ ಒತ್ತಿದೆ, ಮತ್ತೊಂದು ಟಕ್. ಅಲ್ಲಾಡಿಸಿ ನೋಡಿದೆ. ಟವೆಲ್ ತೆಗೆದು ತೋಳನ್ನು ಮೆಲ್ಲಗೆ ಇಳಿಸಿದೆ. ಎಲ್ಲ ಸೇರಿ ಐದು ನಿಮಿಷ, ಅದರಲ್ಲಿ ಎರಡು ಮೇರಿ ಆಂಡರ್ಸನ್ನರಿಗೆ ಹೋಗಿತ್ತು.

ಗಾಜಿಗೆ ಎರಡು ಕೊಡ ನೀರು ಸುರಿದು ವೈಪರ್ ಹಾಕಿದೆ. ಸದ್ದಿಲ್ಲ. ಕಂಬ ಕಂಡಿತು, ಅದಕ್ಕೊರಗಿ ನಿಂತು ನೋಡುತ್ತಿದ್ದ ಕರುವೂ ಕಂಡಿತು.

ಹಳೆಯ ಬ್ಲೇಡನ್ನು ಎಸೆಯಲು ಅಕ್ಕ ಬಿಡಲಿಲ್ಲ. ಚೌಕಟ್ಟಿನಿಂದ ರಬ್ಬರನ್ನು ಎಳೆದು ತೆಗೆದು, ಹಿತ್ತಿಲ ತೊಂಡೆ ಚಪ್ಪರದಲ್ಲಿ ಜಾರುತ್ತಿದ್ದ ಬಿದಿರ ಗಳವನ್ನು ಅದರಿಂದ ಬಿಗಿದು ಕಟ್ಟಿದರು. ನವರಾತ್ರಿಗೆ ಹೋದಾಗ ನೆನಪಾಗಿ ಹೋಗಿ ನೋಡಿದೆ. ಗಳವನ್ನು ಸುತ್ತಿ ಬಿಗಿದಿದ್ದ ಭಾಗದ ತುಂಬ ಅಡ್ಡಡ್ಡ ಬಿರುಕು, ಹಲ್ಲುಗಳ ಸಾಲಿನ ಹಾಗೆ ಒಂದರ ಪಕ್ಕ ಒಂದು. ಗಂಟಿನಿಂದ ಹೊರಗೆ ಸಡಿಲವಾಗಿ ಜೋತುಬಿದ್ದಿದ್ದ ಎರಡಂಗುಲದ ತುಂಡಿನಲ್ಲಿ ಉಗುರಿನಿಂದ ಹುಡುಕಿದರೂ ಒಂದು ಬಿರುಕು ಸಿಗಲಿಲ್ಲ.